ಹಾಜರಿ ಪುಸ್ತಕವೂ ಜ್ವರದ ಹಾಸಿಗೆಯೂ

ಮಳೆಗಾಲ ಬಂದಿತು, ಅದರ ಬೆನ್ನಿಗೇ ಕಾಲೇಜುಗಳೂ ತೆರೆದುವು. ಹಳ್ಳಿಗಳಿಂದಲೂ ಸಣ್ಣ ಊರುಗಳಿಂದಲೂ ಹೊಸದಾಗಿ ಸೇರಿದ ಮಕ್ಕಳು ಪೆಟ್ಟಿಗೆ ಹಾಸಿಗೆಗಳೊಡನೆ ಬಂದು ವಿದ್ಯಾರ್ಥಿನಿಲಯಗಳಲ್ಲಿ ನೆಲೆಯೂರಿದ್ದಾರೆ. ಇನ್ನು ಎರಡು ಮೂರು ವಾರಗಳಲ್ಲಿ ಏನು ನಡೆಯುವುದೆಂಬುದನ್ನು ಹೇಳಲು ಜೋಯಿಸರನ್ನು ಕರೆಯಬೇಕಾದುದಿಲ್ಲ. ಮೊದಲು ತರಗತಿಯ ಕೊನೆಯ ಬೆಂಚಿನಲ್ಲಿ ಒಬ್ಬನು ಕೆಮ್ಮುವನು. ಮೂರನೆಯ ದಿನ ಆ ಬೆಂಚೆಲ್ಲ ಕೆಮ್ಮುವುದು. ವಾರ ಕಳೆಯುವುದರೊಳಗಾಗಿ ಕರಿಹಲಗೆಯ ಮುಂದೆ ನಿಂತ ಉಪನ್ಯಾಸಕರೂ ಕರವಸ್ತ್ರವನ್ನು ಮೂಗಿಗೆ ಹಿಡಿದಿರುವರು. ಇದೆಲ್ಲವೂ ಹವೆಯ ಬದಲಾವಣೆಯೆಂದೂ ನೀರಿನ ದೋಷವೆಂದೂ ನಾವು ಸಮಾಧಾನ ಹೇಳಿಕೊಳ್ಳುತ್ತ ಬಂದಿದ್ದೇವೆ. ಹವೆಯದೂ ನೀರಿನದೂ ತಪ್ಪಿರಬಹುದು. ಆದರೆ ನಮ್ಮ ವಿದ್ಯಾಸಂಸ್ಥೆಗಳ ಕಟ್ಟಳೆಗಳ ತಪ್ಪು ಅದಕ್ಕಿಂತ ಹೆಚ್ಚಿನದೆಂಬುದು ನಮ್ಮ ಅಭಿಪ್ರಾಯ. ಅದನ್ನೇ ಇಂದು ವಾಚಕರ ಮುಂದೆಯೂ ಅಧಿಕಾರಿಗಳ ಮುಂದೆಯೂ ಇಡಬೇಕೆಂದಿದ್ದೇವೆ.

ಕಳೆದ ಚಳಿಗಾಲದ ಕೊನೆಯಲ್ಲಿ ಒಬ್ಬ ಒಕ್ಕಲುಗೃಹಸ್ಥರು ನಮ್ಮ ಕಾರ್ಯಾಲಯಕ್ಕೆ ಬಂದರು. ಅವರು ಪತ್ರಿಕೆಗೆ ಸುದ್ದಿ ಕೊಡಲು ಬಂದವರಲ್ಲ. ಒಂದು ಅರ್ಜಿಯನ್ನು ಸರಿಯಾದ ಭಾಷೆಯಲ್ಲಿ ಬರೆದುಕೊಡಬೇಕೆಂಬುದೇ ಅವರ ಬೇಡಿಕೆ. ಅವರ ಮಗ ಪದವಿ ತರಗತಿಯ ಎರಡನೆಯ ವರ್ಷದಲ್ಲಿದ್ದನು. ಒಂದು ಸೋಮವಾರ ಅವನಿಗೆ ಚಳಿ, ಮೈಕೈ ನೋವು, ನೂರಮೂರು ಡಿಗ್ರಿ ಜ್ವರ. ಆ ವಾರ ಆಂತರಿಕ ಪರೀಕ್ಷೆಗಳಿದ್ದುವು. ತಪ್ಪಿಸಿದವರಿಗೆ ಮರುಪರೀಕ್ಷೆ ಇಲ್ಲವೆಂದು ಫಲಕದಲ್ಲಿ ಬರೆದು ಹಾಕಿತ್ತು. ಹುಡುಗನು ಮಾತ್ರೆ ನುಂಗಿ ಮೂರು ದಿನ ಪರೀಕ್ಷೆಗೆ ಹೋಗಿ ಕುಳಿತನು. ಗುರುವಾರ ಜ್ವರ ಇಳಿಯಿತು. ಶನಿವಾರ ಮತ್ತೆ ಏರಿತು. ಈ ಸಾರಿ ಉಸಿರಾಟಕ್ಕೇ ತೊಂದರೆ. ಫ್ಲೂ ಬಂದ ದಾರಿಯಲ್ಲಿಯೇ ನ್ಯುಮೋನಿಯಾ ಬಂದಿತ್ತು. ಹನ್ನೆರಡು ದಿನ ಆಸ್ಪತ್ರೆ, ಮತ್ತೆ ಹತ್ತು ದಿನ ಮನೆಯಲ್ಲಿ ಹಾಸಿಗೆ. ದೇವರ ದಯೆಯಿಂದ ಹುಡುಗನು ಉಳಿದನು. ಆದರೆ ಹಾಜರಿ ಸಾಲದೆಹೋಯಿತು. ಮೂರು ದಿನ ಉಳಿಸಿಕೊಳ್ಳಲು ಹೋಗಿ ಮೂರು ವಾರ ಕಳೆದುಕೊಂಡವನಿಗೆ ಕೊರತೆಯನ್ನು ಮನ್ನಿಸಬೇಕೆಂದು ಪ್ರಾಂಶುಪಾಲರನ್ನು ಪ್ರಾರ್ಥಿಸುವ ಅರ್ಜಿ ಅದು. ನಾವು ಬರೆದುಕೊಟ್ಟೆವು. ಅದೇ ಕೊಠಡಿಯಲ್ಲಿದ್ದ ಇನ್ನೈವರು ಹುಡುಗರಿಗೂ ಆ ವಾರದಲ್ಲಿಯೇ ಜ್ವರ ಬಂದಿತೆಂಬುದನ್ನು ಅವರು ಹೊರಡುವಾಗ, ಏನೂ ವಿಶೇಷವಲ್ಲವೆಂಬಂತೆ, ಹೇಳಿದರು. ಕಾಲೇಜಿನ ಹೆಸರನ್ನು ಇಲ್ಲಿ ಎತ್ತಲು ನಮಗೆ ಮನಸ್ಸಿಲ್ಲ; ಇತರ ಕಾಲೇಜುಗಳು ಅದಕ್ಕಿಂತ ಮೇಲೆಂದು ಯಾರಾದರೂ ಭಾವಿಸಿಯಾರೆಂಬ ಅಂಜಿಕೆ ನಮಗಿದೆ.

ಫ್ಲೂ ಎಂದರೆ ನೆಗಡಿಯಷ್ಟೆ ಎಂಬ ಉದಾಸೀನವೇ ಮೊದಲಿನ ಕಂಟಕ. ನೆಗಡಿ ಮೆಲ್ಲಗೆ ಬರುವುದು, ಮೂಗಿನಲ್ಲಿಯೇ ಇದ್ದು ಹೋಗುವುದು. ಇನ್‌ಫ್ಲುಯೆಂಜಾ ಹಾಗಲ್ಲ. ಬೆಳಗ್ಗೆ ಚೆನ್ನಾಗಿದ್ದವನನ್ನು ಸಂಜೆಯೊಳಗಾಗಿ ಕೆಡಹುವುದು ಅದರ ಸ್ವಭಾವ: ಒಮ್ಮೆಲೇ ಜ್ವರ, ತಲೆನೋವು, ಮೈಯೆಲ್ಲ ಅರೆದಂತಹ ನೋವು, ಒಣಕೆಮ್ಮು, ಎದ್ದು ನಿಲ್ಲಲಾರದ ಬಳಲಿಕೆ. ಹೆಚ್ಚಿನವರು ಒಂದು ವಾರದಲ್ಲಿ ತಾವಾಗಿಯೇ ಗುಣಮುಖರಾಗುವರೆಂಬುದು ನಿಜ. ಆದರೂ ಪ್ರಪಂಚದಲ್ಲಿ ಪ್ರತಿವರ್ಷ ಸುಮಾರು ನೂರು ಕೋಟಿ ಜನರಿಗೆ ಈ ರೋಗ ತಗುಲುವುದೆಂದೂ, 30ರಿಂದ 50 ಲಕ್ಷ ಜನರಿಗೆ ಅದು ತೀವ್ರವಾಗುವುದೆಂದೂ, 2,90,000ದಿಂದ 6,50,000ದವರೆಗೆ ಜನರು ಅದರಿಂದ ಉಂಟಾಗುವ ಶ್ವಾಸಕೋಶದ ತೊಂದರೆಗಳಿಂದ ಸಾಯುವರೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಮ್ಮ ದೇಶವು ಇದರ ಉಗ್ರರೂಪವನ್ನು ಕಂಡಿಲ್ಲದುದಲ್ಲ. 1918ನೆಯ ಇಸವಿ ಜೂನ್ ತಿಂಗಳಲ್ಲಿ ಮುಂಬಯಿಯ ಬಂದರಿನಲ್ಲಿ ಕಾಣಿಸಿಕೊಂಡ ಈ ಜ್ವರ, ಅದೇ ವರ್ಷದ ಶರತ್ಕಾಲದಲ್ಲಿ ಎರಡನೆಯ ಸಾರಿ ಎದ್ದು, ಕಡಮೆಯೆಂದರೂ ಒಂದು ಕೋಟಿ ಇಪ್ಪತ್ತು ಲಕ್ಷ ಭಾರತೀಯರನ್ನು ಕೊಂಡೊಯ್ದಿತೆಂದು ಲೆಕ್ಕ ಹಾಕಿದ್ದಾರೆ. 1911ರಿಂದ 1921ರವರೆಗಿನ ಹತ್ತು ವರ್ಷಗಳಲ್ಲಿ ನಮ್ಮ ಜನಸಂಖ್ಯೆ ಬೆಳೆಯುವುದಿರಲಿ, ತುಸು ಕುಗ್ಗಿತು. ಆಗ ಹೆಚ್ಚಾಗಿ ಅಳಿದವರು ಮುದುಕರಲ್ಲ, ಇಪ್ಪತ್ತರಿಂದ ನಲವತ್ತರ ನಡುವಿನ ದೃಢಕಾಯರು. ಪ್ರತಿವರ್ಷದ ಫ್ಲೂ ಅಷ್ಟು ಭಯಂಕರವಲ್ಲ. ಆದರೆ ತಾರುಣ್ಯವೊಂದೇ ಇದಕ್ಕೆ ರಕ್ಷೆಯಾಗಲಾರದೆಂಬುದನ್ನು ನೆನಪಿಡಲು ಆ ಒಂದು ವರ್ಷ ಸಾಕು.

ನಮ್ಮ ನಾಡಿನಲ್ಲಿ ಈ ರೋಗಕ್ಕೆ ಎರಡು ಸುಗ್ಗಿ. ಒಂದು ಜನವರಿಯಿಂದ ಮಾರ್ಚಿಯವರೆಗೆ. ಮತ್ತೊಂದು ಮಳೆಗಾಲದಲ್ಲಿಯೂ ಅದರ ಬೆನ್ನಿಗೂ. ಶೈಕ್ಷಣಿಕ ಪಂಚಾಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಿದವರಿಗೆ ನಗು ಬರಬೇಕೋ ಅಳು ಬರಬೇಕೋ ತಿಳಿಯದು. ಮಳೆಗಾಲದಲ್ಲಿ ನಾಲ್ಕು ದಿಕ್ಕಿನ ಮಕ್ಕಳನ್ನು ಒಂದೆಡೆ ಸೇರಿಸುತ್ತೇವೆ. ಮಾರ್ಚಿಯಲ್ಲಿ ಪರೀಕ್ಷೆಯೆಂದು ಅವರ ನಿದ್ದೆಗೆಡಿಸುತ್ತೇವೆ. ಕಾಲೇಜು ತೆರೆಯುವ ಕಾಲವೇ ಫ್ಲೂ ಹರಡುವ ಕಾಲವೆಂಬುದು ಹೊರದೇಶಗಳ ಅನುಭವವೂ ಹೌದು. 2009ರಲ್ಲಿ ಎಚ್1ಎನ್1 ಎಂಬ ಹೊಸ ಬಗೆಯ ಫ್ಲೂ ಲೋಕವನ್ನೆಲ್ಲ ಸುತ್ತಿದಾಗ, ಅಮೆರಿಕೆಯ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪಾಠಗಳು ಆರಂಭವಾದ ಕೆಲವೇ ದಿನಗಳಲ್ಲಿ ಎರಡು ಸಾವಿರಕ್ಕೂ ಮೇಲ್ಪಟ್ಟು ವಿದ್ಯಾರ್ಥಿಗಳು ರೋಗಲಕ್ಷಣಗಳೊಡನೆ ವೈದ್ಯರ ಸಲಹೆ ಕೇಳಿದರು. ನಮ್ಮಲ್ಲಿಯೂ ಉದಾಹರಣೆಗೆ ಕೊರತೆಯಿಲ್ಲ. ರೋಗ ಬೇರೆಯಾದರೂ ಹರಡುವ ದಾರಿ ಒಂದೇ ಆದುದರಿಂದ ಇದನ್ನು ಹೇಳುತ್ತೇವೆ: 2021ರ ನವೆಂಬರಿನಲ್ಲಿ ಧಾರವಾಡದ ಒಂದು ವೈದ್ಯಕೀಯ ಕಾಲೇಜಿನಲ್ಲಿ ಒಂದು ಸಮಾರಂಭದ ತರುವಾಯ ಕೆಲವೇ ದಿನಗಳಲ್ಲಿ ಇನ್ನೂರೆಂಬತ್ತು ಜನರಿಗೂ ಮೀರಿ ಕೊರೋನಾ ತಗುಲಿತು. ಅವರಲ್ಲಿ ಬಹುಮಂದಿ ಎರಡೂ ಲಸಿಕೆ ಹಾಕಿಸಿಕೊಂಡವರು, ವೈದ್ಯವಿದ್ಯೆಯನ್ನೇ ಕಲಿಯುತ್ತಿದ್ದವರು. ಒಂದೇ ಸೂರಿನಡಿ ಉಂಡು ಮಲಗುವವರ ನಡುವೆ ಗಾಳಿಯ ರೋಗ ಎಷ್ಟು ಬೇಗ ಓಡುವುದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ವಿದ್ಯಾರ್ಥಿನಿಲಯವೆಂಬುದು ಕರ್ನಾಟಕದ ಹೆಮ್ಮೆಯ ಸಂಸ್ಥೆ. ಮಠಗಳೂ ದಾನಿಗಳೂ ಸಮಾಜಗಳೂ ಅನಂತರ ಸರ್ಕಾರವೂ ಕಟ್ಟಿಸಿದ ಉಚಿತ ನಿಲಯಗಳು ಇಲ್ಲದಿದ್ದರೆ ನಮ್ಮ ಹಳ್ಳಿಗಳ ಎಷ್ಟು ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತುತ್ತಿದ್ದರು? ಆದುದರಿಂದ ನಿಲಯಗಳನ್ನು ಜರೆಯುವುದು ನಮ್ಮ ಉದ್ದೇಶವಲ್ಲ. ಇಬ್ಬರಿಗೆಂದು ಕಟ್ಟಿದ ಕೊಠಡಿಯಲ್ಲಿ ನಾಲ್ವರೂ ಆರ್ವರೂ ಇರುವುದು ಬಡತನದ ಕಟ್ಟುಪಾಡು, ಒಬ್ಬನನ್ನು ಹೊರಗೆ ನಿಲ್ಲಿಸುವುದಕ್ಕಿಂತ ಒಳಗೆ ಒತ್ತಿಕೊಂಡು ಇರುವುದೇ ಲೇಸೆಂದು ಹಿರಿಯರು ತಿಳಿದರು, ಅದು ಸರಿಯೇ. ಆದರೆ ಮಂಚಗಳನ್ನು ಹೆಚ್ಚಿಸಿದವರು ಒಂದು ಕೊಠಡಿಯನ್ನು ಕಾಯಿಲೆಯವರಿಗಾಗಿ ಬಿಡುವುದನ್ನು ಮರೆತರು. ನೂರು ಮಕ್ಕಳಿರುವ ನಿಲಯದಲ್ಲಿ ಉಗ್ರಾಣಕ್ಕೆ ಕೊಠಡಿಯುಂಟು, ಹಳೆಯ ಕುರ್ಚಿಗಳನ್ನು ಪೇರಿಸಲು ಕೊಠಡಿಯುಂಟು, ಜ್ವರ ಬಂದ ಹುಡುಗನಿಗೆ ಮಾತ್ರ ಇಲ್ಲ. ಅವನು ತನ್ನ ಮಂಚದಲ್ಲಿಯೇ ಮಲಗಿ ರಾತ್ರಿಯೆಲ್ಲ ಕೆಮ್ಮುವನು; ಮಳೆಯ ಎರಚಲು ಬಾರದಿರಲೆಂದು ಉಳಿದವರು ಕಿಟಕಿಯನ್ನು ಭದ್ರವಾಗಿ ಮುಚ್ಚುವರು. ರೋಗಕ್ಕೆ ಇದಕ್ಕಿಂತ ಒಳ್ಳೆಯ ಆತಿಥ್ಯ ಬೇರೊಂದಿಲ್ಲ. ಕೆಮ್ಮಿದಾಗ ಹಾರುವ ಹನಿಗಳು ಹೆಚ್ಚಾಗಿ ಮೂರು ನಾಲ್ಕು ಮೊಳದೊಳಗೆ ಬೀಳುವುವು; ಸೂಕ್ಷ್ಮವಾದುವು ಮುಚ್ಚಿದ ಕೋಣೆಯ ಗಾಳಿಯಲ್ಲಿ ತೇಲುತ್ತ ಉಳಿಯುವುವು. ಇದಕ್ಕೆ ತೆರೆದ ಕಿಟಕಿಗಿಂತ ಅಗ್ಗವಾದ ಮದ್ದಿಲ್ಲ. ಹಳೆಯ ಕಾಲದ ಕಾಲೇಜು ಕಟ್ಟಡಗಳಲ್ಲಿ ಆಳೆತ್ತರದ ಕಿಟಕಿಗಳನ್ನೂ ಎತ್ತರವಾದ ಸೂರನ್ನೂ ಇಟ್ಟವರು ಬರಿಯ ಅಲಂಕಾರಕ್ಕಾಗಿ ಇಟ್ಟವರಲ್ಲ. ಈಗಿನ ಗಾಜಿನ ಕಟ್ಟಡಗಳಲ್ಲಿ ತಣ್ಣನೆಯ ಯಂತ್ರದ ಗಾಳಿಯನ್ನೇ ಅರವತ್ತು ಜನ ಮತ್ತೆ ಮತ್ತೆ ಉಸಿರಾಡುವುದನ್ನು ಪ್ರಗತಿಯೆಂದು ಕರೆಯುತ್ತಿದ್ದೇವೆ.

ಇಷ್ಟಾದರೂ ಕೊಠಡಿಗಿಂತಲೂ ಕಿಟಕಿಗಿಂತಲೂ ಮುಖ್ಯವಾದುದು ಹಾಜರಿಯ ಪ್ರಶ್ನೆ. ಫ್ಲೂ ತಗುಲಿದವನು ಲಕ್ಷಣಗಳು ತೋರುವ ಹಿಂದಿನ ದಿನದಿಂದ ಮೊದಲುಗೊಂಡು ಐದರಿಂದ ಏಳು ದಿನಗಳವರೆಗೆ ಇತರರಿಗೆ ರೋಗವನ್ನು ಹಂಚಬಲ್ಲನು. ಜ್ವರದ ಮೊದಲ ಮೂರು ದಿನಗಳಲ್ಲಿ ಈ ಹಂಚಿಕೆ ಎಲ್ಲಕ್ಕಿಂತ ಹೆಚ್ಚು. ಮೊದಲ ದಿನದ ಹಂಚಿಕೆಯನ್ನು ಯಾವ ಕಟ್ಟಳೆಯೂ ತಡೆಯಲಾರದು, ಏಕೆಂದರೆ ಅದು ಅವನಿಗೇ ತಿಳಿಯದು. ತಡೆಯಬಹುದಾದುದು ಮುಂದಿನ ಮೂರು ನಾಲ್ಕು ದಿನಗಳದು. ಅವನು ಆ ದಿನಗಳಲ್ಲಿ ಮಲಗಿದ್ದರೆ ಸಾಕು. ಮಾತ್ರೆಯ ಸಹಾಯವಿಲ್ಲದೆ ಜ್ವರ ಬಿಟ್ಟು ಇಪ್ಪತ್ತನಾಲ್ಕು ಗಂಟೆ ಕಳೆದ ಮೇಲೆ ಎದ್ದು ಹೋದರೆ ಸಾಕು. ಇದಕ್ಕೆ ಖರ್ಚಿಲ್ಲ, ಕಟ್ಟಡ ಬೇಡ, ಸಮಿತಿ ಬೇಡ. ಬೇಕಾದುದು ಒಂದೇ: ಮಲಗಿದವನಿಗೆ ದಂಡ ವಿಧಿಸುವುದಿಲ್ಲವೆಂಬ ಭರವಸೆ. ಆ ಭರವಸೆಯೇ ನಮ್ಮಲ್ಲಿಲ್ಲ.

ಶೇಕಡಾ 75 ಹಾಜರಿ ಇರಬೇಕೆಂದರೆ ಶೇಕಡಾ 25 ರಿಯಾಯಿತಿ ಇದ್ದೇ ಇದೆಯಲ್ಲ, ನಾಲ್ಕು ದಿನದ ಜ್ವರಕ್ಕೆ ಅದು ಸಾಲದೆ, ಎಂದು ಒಬ್ಬ ಅಧಿಕಾರಿಗಳು ನಮ್ಮೊಡನೆ ವಾದಿಸಿದರು. ಕಾಗದದ ಮೇಲೆ ಅವರ ಮಾತು ಸರಿ. ಆದರೆ ಆ ಇಪ್ಪತ್ತೈದನ್ನು ತಪ್ಪಿದ ಬಸ್ಸು, ಊರಿನ ಜಾತ್ರೆ, ಅಕ್ಕನ ಮದುವೆ, ಬೆಳೆ ಕೊಯ್ಲು ಮೊದಲೇ ತಿಂದು ಮುಗಿಸಿರುವುವು. ಹಾಜರಿಗೆ ಅಂಕಗಳನ್ನು ಗಂಟುಹಾಕಿದ ಕಾಲೇಜುಗಳಲ್ಲಿ ಒಂದೊಂದು ದಿನಕ್ಕೂ ಬೆಲೆಯುಂಟು. ವಾರಕ್ಕೊಮ್ಮೆ ನಡೆಯುವ ಪ್ರಯೋಗವನ್ನು ತಪ್ಪಿಸಿಕೊಂಡವನಿಗೆ ಮತ್ತೊಮ್ಮೆ ಮಾಡಿಸುವವರು ವಿರಳ. ಆಂತರಿಕ ಪರೀಕ್ಷೆಯ ಭಯವನ್ನಂತೂ ಮೇಲೆ ಹೇಳಿದ್ದೇವೆ. ವೈದ್ಯರ ಪ್ರಮಾಣಪತ್ರ ತಂದರೆ ಮನ್ನಿಸುವೆವೆಂದು ಹೇಳುವ ಸಂಸ್ಥೆಗಳೂ ಉಂಟು. ಈ ಉದಾರತೆಯ ಪರಿಣಾಮವನ್ನು ಯಾರಾದರೂ ಯೋಚಿಸಿದ್ದಾರೆಯೆ? ಮನೆಯಲ್ಲಿ ಮಲಗಿ ಗಂಜಿ ಕುಡಿದರೆ ಗುಣವಾಗುವ ಹುಡುಗನು, ಚೀಟಿಗಾಗಿ ಜ್ವರದ ಮೈಯಲ್ಲಿ ಬಸ್ಸು ಹತ್ತಿ, ಆಸ್ಪತ್ರೆಯ ಸಾಲಿನಲ್ಲಿ ಎರಡು ಗಂಟೆ ನಿಂತು, ಅಕ್ಕಪಕ್ಕದ ಗರ್ಭಿಣಿಯರಿಗೂ ವೃದ್ಧರಿಗೂ ಕೆಮ್ಮನ್ನು ಹಂಚಿ, ಒಂದು ಸಹಿಯೊಡನೆ ಮರಳುವನು. ಸಾಧಾರಣ ಫ್ಲೂ ಜ್ವರಕ್ಕೆ ಪರೀಕ್ಷೆಯೂ ಬೇಡ, ಮನೆಯಲ್ಲಿಯೇ ಇದ್ದು ವಿಶ್ರಮಿಸಿಕೊಳ್ಳಲಿ ಎಂದು ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯೇ ಹೇಳುತ್ತಿರುವಾಗ, ಹೊರಗೆ ಹೋಗಿ ಸಾಕ್ಷಿ ತಾ ಎನ್ನುವುದು ನಮ್ಮ ಕಾಲೇಜುಗಳ ನ್ಯಾಯ.

ಹುಡುಗರು ಸುಳ್ಳು ಜ್ವರ ಹೂಡುವರೆಂಬ ಆಕ್ಷೇಪಣೆ ಬರುವುದೆಂದು ಬಲ್ಲೆವು. ಹೂಡುವರು, ನಾವೂ ಪಾಠಶಾಲೆಗೆ ಹೋಗಿದ್ದವರೇ, ಹೊಟ್ಟೆನೋವಿನ ಮಹಿಮೆಯನ್ನು ಅರಿತವರೇ. ಆದರೆ ಹತ್ತು ಮಂದಿ ಸೋಮಾರಿಗಳು ನಾಲ್ಕು ದಿನ ಹಾಸಿಗೆಯಲ್ಲಿ ಹೊರಳಿದರೆ ಹಾಳಾಗುವುದು ಅವರ ಪಾಠ ಮಾತ್ರ. ಒಬ್ಬ ಪ್ರಾಮಾಣಿಕನು ಜ್ವರದಲ್ಲಿ ತರಗತಿಗೆ ಬಂದರೆ ಹಾಳಾಗುವುದು ಇಡೀ ತರಗತಿ. ಒಂದು ಸೆಮಿಸ್ಟರಿಗೆ ಐದು ದಿನಗಳ ಜ್ವರದ ರಜೆಯನ್ನು ವಿದ್ಯಾರ್ಥಿಯ ಮಾತಿನ ಮೇಲೆ, ನಿಲಯಪಾಲಕರ ಅಥವಾ ಪೋಷಕರ ಒಂದು ಸಾಲಿನ ಬರಹದ ಮೇಲೆ, ಹಾಜರಿಯ ಲೆಕ್ಕಕ್ಕೆ ಹಿಡಿಯದೆ ಬಿಡಬೇಕು. ಆ ದಿನಗಳಲ್ಲಿ ತಪ್ಪಿದ ಆಂತರಿಕ ಪರೀಕ್ಷೆಗೆ ಮರುಪರೀಕ್ಷೆ ಇರಬೇಕು. 2020ರ ಮಾರ್ಚಿಯಲ್ಲಿ ರಾಜ್ಯದ ಕಾಲೇಜುಗಳನ್ನೆಲ್ಲ ಒಂದೇ ಆಜ್ಞೆಯಿಂದ ಮುಚ್ಚಬಲ್ಲವರಾಗಿದ್ದ ನಮ್ಮ ಸರ್ಕಾರದವರಿಗೆ ಒಬ್ಬ ರೋಗಿಯನ್ನು ನಾಲ್ಕು ದಿನ ಮಲಗಿರಲು ಬಿಡುವುದು ಅಸಾಧ್ಯವೆಂದರೆ ನಂಬುವವರಾರು? ಇದೇ ನಿಯಮ ಅಧ್ಯಾಪಕರಿಗೂ ಇರತಕ್ಕದ್ದು. ಜ್ವರದಲ್ಲಿಯೂ ಪಾಠ ತಪ್ಪಿಸದ ಗುರುಗಳನ್ನು ನಾವು ಸಮಾರಂಭಗಳಲ್ಲಿ ಹೊಗಳುತ್ತ ಬಂದಿದ್ದೇವೆ. ಇನ್ನು ಮುಂದೆ ಆ ಹೊಗಳಿಕೆಯನ್ನು ನಿಲ್ಲಿಸಿದರೆ ಒಳ್ಳೆಯದು.

ಲಸಿಕೆಯ ಮಾತನ್ನೂ ಹೇಳಬೇಕು. ಫ್ಲೂ ವಿಷಾಣು ವರ್ಷವರ್ಷಕ್ಕೂ ವೇಷ ಬದಲಿಸುವುದರಿಂದ ಲಸಿಕೆಯನ್ನೂ ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆ ಫೆಬ್ರವರಿಯಲ್ಲೊಮ್ಮೆ, ಸೆಪ್ಟೆಂಬರಿನಲ್ಲೊಮ್ಮೆ ಅದರ ಘಟಕಗಳನ್ನು ಗೊತ್ತುಮಾಡುತ್ತದೆ. ಹಾಕಿಸಿಕೊಂಡ ಮೇಲೆ ರಕ್ಷಣೆ ಹುಟ್ಟಲು ಸುಮಾರು ಎರಡು ವಾರ ಬೇಕು. ಆದುದರಿಂದ ನಮ್ಮ ನಾಡಿನವರು ಮಳೆಗೆ ಮುಂಚೆ, ಏಪ್ರಿಲ್ ಮೇ ತಿಂಗಳುಗಳಲ್ಲಿ ಹಾಕಿಸಿಕೊಳ್ಳುವುದು ಮೇಲು. ಅದು ವಜ್ರಕವಚವಲ್ಲ, ವಿಷಾಣುವಿಗೆ ಲಸಿಕೆ ಚೆನ್ನಾಗಿ ಹೊಂದಿದ ವರ್ಷಗಳಲ್ಲಿಯೂ ರೋಗದ ಸಂಭವವನ್ನು ಶೇಕಡಾ 40ರಿಂದ 60ರಷ್ಟು ತಗ್ಗಿಸುವುದು. ತಗುಲಿದರೂ ರೋಗ ತೀವ್ರವಾಗದಂತೆ ಬಹುಮಟ್ಟಿಗೆ ಕಾಯುವುದೆಂಬುದೇ ಅದರ ದೊಡ್ಡ ಗುಣ. ಸಾವಿರ ರೂಪಾಯಿಗೂ ಮೀರುವ ಈ ಲಸಿಕೆ ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಸೇರಿಲ್ಲ. ಉಚಿತ ನಿಲಯದಲ್ಲಿ ಉಣ್ಣುವ ಹುಡುಗನಿಗೆ ಅದನ್ನು ಕೊಂಡು ಹಾಕಿಸಿಕೋ ಎಂದು ಉಪದೇಶಿಸುವುದು ಹಾಸ್ಯವಾದೀತು. ಎಲ್ಲ ವಿದ್ಯಾರ್ಥಿಗಳಿಗೂ ಒಮ್ಮೆಲೇ ಕೊಡಿರೆಂದು ನಾವು ಕೇಳುವುದಿಲ್ಲ. ಉಬ್ಬಸ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವ ನಿಲಯವಾಸಿಗಳಿಗಾದರೂ, ಆಸ್ಪತ್ರೆಯ ವಾರ್ಡುಗಳಲ್ಲಿ ದಿನವೂ ಓಡಾಡುವ ನರ್ಸಿಂಗ್ ಮತ್ತು ವೈದ್ಯವಿದ್ಯಾರ್ಥಿಗಳಿಗಾದರೂ ಸರ್ಕಾರದ ಖರ್ಚಿನಲ್ಲಿ ದೊರೆಯಲಿ. ಇವರ ಪಟ್ಟಿ ಪ್ರವೇಶದ ಕಾಗದಗಳಲ್ಲಿಯೇ ಸಿಕ್ಕುವುದು.

ಔಷಧದ ವಿಷಯದಲ್ಲಿ ನಮ್ಮ ಜನರ ಅವಸರವನ್ನು ಕಂಡರೆ ಮರುಕವಾಗುವುದು. ನಿಲಯದ ಮೂಲೆಯ ಅಂಗಡಿಯಲ್ಲಿ ಜ್ವರವೆಂದೊಡನೆ ಮೂರು ಬಣ್ಣದ ಮಾತ್ರೆಗಳ ಪೊಟ್ಟಣ ಕೈಗೆ ಬರುವುದು, ಅದರಲ್ಲೊಂದು ಆಂಟಿಬಯಾಟಿಕ್. ಫ್ಲೂ ವಿಷಾಣುವಿನ ರೋಗ. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಆ ಮದ್ದಿಗೂ ಅದಕ್ಕೂ ಸಂಬಂಧವಿಲ್ಲ. 2023ರ ಮಾರ್ಚಿಯಲ್ಲಿ ಎಚ್3ಎನ್2 ಬಗೆಯ ಫ್ಲೂ ಹರಡಿದಾಗ ಭಾರತೀಯ ವೈದ್ಯಕೀಯ ಸಂಘವೇ, ಇಂತಹ ಜ್ವರಗಳಿಗೆ ಆಂಟಿಬಯಾಟಿಕ್ ಕೊಡಬೇಡಿರೆಂದು ವೈದ್ಯರಿಗೂ ಜನರಿಗೂ ತಿಳಿಸಿತು. ಜ್ವರ ಮೂರು ದಿನಗಳಲ್ಲಿ ಇಳಿದರೂ ಕೆಮ್ಮು ಮೂರು ವಾರ ಉಳಿಯಬಹುದೆಂದೂ ಹೇಳಿತು. ಫ್ಲೂವಿಗೆ ತಕ್ಕ ಮದ್ದು ಒಸೆಲ್ಟಾಮಿವಿರ್. ಅದನ್ನು ವೈದ್ಯರು ಬೇಕೆಂದವರಿಗೆ ಮಾತ್ರ, ಆದಷ್ಟು ಮೊದಲ ನಲವತ್ತೆಂಟು ಗಂಟೆಗಳೊಳಗೆ ಕೊಡುವುದು. ಉಳಿದವರಿಗೆ ಜ್ವರ ತಗ್ಗಲು ಪ್ಯಾರಾಸಿಟಮಾಲ್, ಧಾರಾಳವಾಗಿ ನೀರು, ಗಂಜಿ, ಮೆಣಸಿನ ಸಾರು, ನಿದ್ದೆ. ಅಜ್ಜಿಯ ಕಷಾಯ ಗಂಟಲಿಗೆ ಹಿತವೆಂಬುದರಲ್ಲಿ ಸಂದೇಹವಿಲ್ಲ. ಅದು ವಿಷಾಣುವನ್ನು ಓಡಿಸುವುದೆಂದು ಮಾತ್ರ ತಿಳಿಯಬಾರದು. ಇನ್ನೊಂದು ಎಚ್ಚರ: ಮಳೆಗಾಲದ ಜ್ವರವೆಲ್ಲ ಫ್ಲೂ ಅಲ್ಲ. ಕೆಮ್ಮು ನೆಗಡಿಗಳಿಲ್ಲದೆ ಜ್ವರವೂ ಕಣ್ಣಿನ ಹಿಂದಣ ನೋವೂ ಇದ್ದರೆ ಡೆಂಗಿಯಿರಬಹುದು. ಆಗ ಆಸ್ಪಿರಿನ್, ಐಬುಪ್ರೊಫೆನ್ ಮುಂತಾದ ನೋವಿನ ಮಾತ್ರೆಗಳು ರಕ್ತಸ್ರಾವಕ್ಕೆ ದಾರಿಮಾಡುವುವು. ಉಸಿರು ಕಟ್ಟಿದಂತಾದರೆ, ಎದೆ ನೋವಾದರೆ, ತುಟಿ ನೀಲಿಗಟ್ಟಿದರೆ, ಮಾತು ತೊದಲಿ ಮಂಕು ಕವಿದರೆ, ಅಥವಾ ಮೇಲೆ ಹೇಳಿದ ಹುಡುಗನಂತೆ ಇಳಿದ ಜ್ವರ ಮತ್ತೆ ಏರಿದರೆ, ರಾತ್ರಿ ಎಷ್ಟು ಹೊತ್ತಾದರೂ ಆಸ್ಪತ್ರೆಗೆ ಒಯ್ಯಬೇಕು. ಈ ನಾಲ್ಕು ಸಾಲುಗಳನ್ನು ನಿಲಯದ ಭೋಜನಶಾಲೆಯ ಬಾಗಿಲಿಗೆ ಅಂಟಿಸಿದರೆ ಊಟದ ವೇಳಾಪಟ್ಟಿಯ ಪಕ್ಕದಲ್ಲಿ ಅವುಗಳಿಗೆ ಸ್ಥಳ ಸಾಲದೆಹೋಗದು.

ವಿದ್ಯಾರ್ಥಿಗಳಿಗೆ ನಾವು ಹೇಳಬೇಕಾದುದು ಕಡಮೆ. ಟವೆಲು, ಲೋಟ, ಹೊದಿಕೆಗಳನ್ನು ಹಂಚಿಕೊಳ್ಳುವುದು ಸ್ನೇಹದ ಲಕ್ಷಣವೆಂದು ಅವರು ತಿಳಿದಿದ್ದಾರೆ. ಮಳೆಗಾಲ ಮುಗಿಯುವವರೆಗೆ ಸ್ನೇಹವನ್ನು ಬೇರೆ ಬಗೆಯಾಗಿ ತೋರಿಸಲಿ. ಕೆಮ್ಮು ಬಂದಾಗ ಅಂಗೈಗೆ ಬದಲು ಮೊಳಕೈಯ ಮಡಿಕೆಯನ್ನು ಅಡ್ಡ ಹಿಡಿಯಲಿ. ಊಟಕ್ಕೆ ಕೂರುವ ಮುನ್ನ ಸೋಪು ಹಚ್ಚಿ ಕೈ ತೊಳೆಯಲಿ. ಕೊಳಾಯಿಯ ಬಳಿ ಸೋಪು ಇರುವಂತೆ ನೋಡಿಕೊಳ್ಳುವುದು ನಿಲಯಪಾಲಕರ ಕೆಲಸ. ಜ್ವರದವನಿಗೆ ಊಟ ತಂದುಕೊಡುವ ಗೆಳೆಯನು ಮುಖಗವುಸು ಹಾಕಿಕೊಂಡರೆ ಅದು ಅವಮಾನವಲ್ಲ.

ಹೆತ್ತವರಲ್ಲಿ ಒಂದು ವಿಜ್ಞಾಪನೆ. ಮಗನಿಗೆ ಜ್ವರವೆಂದು ತಿಳಿದೊಡನೆ ಊರಿಗೆ ಬಂದುಬಿಡೆಂದು ಹೇಳುವುದು ತಾಯಿಯ ಸಹಜ ಕರುಳು. ಆದರೆ ನೂರು ಮೈಲಿ ಬಸ್ಸಿನಲ್ಲಿ ಕೆಮ್ಮುತ್ತ ಬರುವವನು ದಾರಿಯಲ್ಲಿ ಎಷ್ಟು ಜನರಿಗೆ ಹಂಚಿದನೋ ತಿಳಿಯದು. ಮನೆಯಲ್ಲಿ ಅವನಿಗಾಗಿ ಕಾದಿರುವವರು ಅಜ್ಜ ಅಜ್ಜಿಯರು. 2023ರ ಮಾರ್ಚಿಯಲ್ಲಿ ಎಚ್3ಎನ್2 ಫ್ಲೂವಿನಿಂದ ಭಾರತದಲ್ಲಿ ಮೊದಲು ಸತ್ತವರೆಂದು ದಾಖಲಾದವರು ನಮ್ಮ ಹಾಸನ ಜಿಲ್ಲೆಯ, 82 ವರ್ಷದ ಒಬ್ಬ ಹಿರಿಯರು. ಹರಯದವನು ವಾರದಲ್ಲಿ ಎದ್ದು ಓಡಾಡುವ ಕಾಯಿಲೆ ಎಂಬತ್ತರವರಿಗೆ ಬೇರೆಯೇ ಕಾಯಿಲೆ. ಇದನ್ನು ತಿಳಿದೂ ತಾಯಂದಿರು ಮಗನನ್ನು ಕರೆಸಿಕೊಳ್ಳುತ್ತಾರೆಂದರೆ, ನಿಲಯದಲ್ಲಿ ಅವನನ್ನು ನೋಡಿಕೊಳ್ಳುವವರು ಯಾರೂ ಇಲ್ಲವೆಂಬುದು ಅವರಿಗೆ ಗೊತ್ತಿರುವುದೇ ಕಾರಣ. ಒಂದು ಕೊಠಡಿ, ಎರಡು ಮಂಚ, ಒಂದು ಜ್ವರಮಾಪಕ, ಬಿಸಿನೀರಿನ ವ್ಯವಸ್ಥೆ, ದಿನಕ್ಕೆರಡು ಬಾರಿ ಬಂದು ನೋಡುವ ಒಬ್ಬ ಮನುಷ್ಯ, ಇಷ್ಟಿದ್ದರೆ ಅವರೂ ಧೈರ್ಯ ತಂದುಕೊಂಡಾರು.

ನಾವು ಬರೆದುಕೊಟ್ಟ ಆ ಅರ್ಜಿಗೆ ಏನಾಯಿತೆಂದು ಮೊನ್ನೆ ವಿಚಾರಿಸಿದೆವು. ಆಸ್ಪತ್ರೆಯಲ್ಲಿದ್ದ ದಿನಗಳಿಗೆ ಪ್ರಮಾಣಪತ್ರವಿದ್ದುದರಿಂದ ಅವನ್ನು ಮನ್ನಿಸಿದರಂತೆ. ಮನೆಯಲ್ಲಿ ಮಲಗಿದ್ದ ಹತ್ತು ದಿನಗಳಿಗೆ ಪತ್ರವಿಲ್ಲದುದರಿಂದ ಮನ್ನಿಸಲಿಲ್ಲ. ಪರೀಕ್ಷೆಗೆ ಪ್ರವೇಶಪತ್ರ ದೊರೆಯಲಿಲ್ಲ. ಹುಡುಗನು ಈ ವಾರ ಮತ್ತೆ ನಿಲಯಕ್ಕೆ ಬಂದು ಸೇರಿದ್ದಾನೆ. ಅದೇ ಕೊಠಡಿ, ಆರು ಮಂಚ. ಮಳೆಯ ಎರಚಲಿಗೆ ಕಿಟಕಿ ಮುಚ್ಚಿದೆ.